ಮುಚ್ಚಳ ಬಿಟ್ಟು ಇಳಿಯದ ಜರಿ: ಒಂದು ಸಾಕುಪೆಟ್ಟಿಗೆಯ ಪ್ರಕರಣ ಅಧ್ಯಯನ

ಪ್ರಾಣಿ ಸ್ಕೊಲೊಪೆಂಡ್ರ ಡೆಹಾನಿ. ಅಂಗಡಿಗಳಲ್ಲಿ ಇದನ್ನು ವಿಯೆಟ್ನಾಂ ದೈತ್ಯ ಜರಿ ಎಂದು ಮಾರುತ್ತಾರೆ. ಮೈಯುದ್ದ 18 ಸೆಂ.ಮೀ., ಮೀಸೆ ಮತ್ತು ಕೊನೆಯ ಜೋಡಿ ಕಾಲು ಸೇರಿದರೆ 23. ಜಾಗ ಇಂಗ್ಲೆಂಡಿನ ಒಂದು ಬಾಡಿಗೆ ಮನೆಯ ಮಹಡಿ ಕೋಣೆ. ಕಾಲ ಚಳಿಗಾಲ, ದಿನವಿಡೀ ಹೀಟರ್ ಉರಿದು ಕೋಣೆಯ ಗಾಳಿ ಒಣಗಿತ್ತು. ಸಾಕಿದವರ ದೂರು ಎರಡು. ದೀಪ ಆರಿಸಿದ ಮೇಲೆ ಜರಿ ಬೆಳಗಿನವರೆಗೂ ಮುಚ್ಚಳದ ಅಂಚನ್ನೇ ತಡಕುತ್ತ ತಿರುಗುತ್ತದೆ. ಎರಡು ಸಲ ಪೆಟ್ಟಿಗೆಯ ಹೊರಗೆ ಸಿಕ್ಕಿದೆ. ಅವರು ಕೇಳಿದ್ದು ಇನ್ನೂ ಗಟ್ಟಿಯಾದ ಚಿಲಕ. ಚಿಲಕ ಬೇಕಿತ್ತು, ಆದರೆ ರೋಗ ಇದ್ದದ್ದು ಪೆಟ್ಟಿಗೆಯ ತಳದಲ್ಲಿ.

ಮೊದಲಿದ್ದದ್ದು 60×30×30 ಸೆಂ.ಮೀ. ಅಳತೆಯ ಗಾಜಿನ ಮೀನುತೊಟ್ಟಿ. ಮೇಲೆ ಪ್ಲಾಸ್ಟಿಕ್ ಚೌಕಟ್ಟಿನ ಜಾಲರಿ ಮುಚ್ಚಳ, ಎರಡು ತುದಿಗೆ ಒಂದೊಂದು ಕ್ಲಿಪ್. ಒಳಗೆ 4 ಸೆಂ.ಮೀ. ದಪ್ಪಕ್ಕೆ ಮರದ ತೊಗಟೆಯ ಚೂರು, ಅರ್ಧ ತೆಂಗಿನ ಚಿಪ್ಪು, ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸಿದ ತೇವಮಾಪಕ. ತೊಟ್ಟಿಯ ಅಡಿಯಲ್ಲಿ ಹೀಟ್ ಮ್ಯಾಟ್, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ಹಾಳೆ. ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಅದಕ್ಕೆ ಇಲ್ಲ. ದಿನಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದರು. ತೇವಮಾಪಕ 65 ಶೇಕಡಾ ತೋರಿಸುತ್ತಿತ್ತು, ಹಾಗಾಗಿ ತೇವದ ಬಗ್ಗೆ ಅನುಮಾನ ಯಾರಿಗೂ ಬರಲಿಲ್ಲ.

ತೊಗಟೆ ಸರಿಸಿ ತಳದ ಗಾಜಿಗೆ ಥರ್ಮಾಮೀಟರ್ ತಾಗಿಸಿದಾಗ 36 ಡಿಗ್ರಿ ಇತ್ತು. ತಳದ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದರೆ ಬಿಸ್ಕತ್ತಿನ ಪುಡಿ ಹಿಡಿದ ಹಾಗೆ ಉದುರಿದವು. ಚಿಮುಕಿಸಿದ ನೀರೆಲ್ಲ ಮೇಲಿನ ಒಂದು ಸೆಂಟಿಮೀಟರಿನಲ್ಲೇ ನಿಂತು ಆವಿಯಾಗುತ್ತಿತ್ತು. ತೇವಮಾಪಕ ಹೇಳುತ್ತಿದ್ದದ್ದು ಆ ಆವಿಯ ಕಥೆ.

ಜರಿಯ ಮೈ ಎಂಥದ್ದೆಂದು ತಿಳಿದವರಿಗೆ ಇಷ್ಟು ಸಾಕು. ಕೀಟಗಳ ಮೈಮೇಲೆ ನೀರು ಆರದಂತೆ ತಡೆಯುವ ಮೇಣದ ಪದರ ಇರುತ್ತದೆ, ಜರಿಗೆ ಅದು ಇಲ್ಲವೆನ್ನುವಷ್ಟು ಕಡಿಮೆ. ಪಕ್ಕೆಯ ಉಸಿರುರಂಧ್ರಗಳನ್ನು ಮುಚ್ಚಿಕೊಳ್ಳಲೂ ಬಾರದು. ಒಣ ಜಾಗದಲ್ಲಿ ಅದು ಹೊತ್ತು ಹೊತ್ತಿಗೂ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಕಾಡಿನಲ್ಲಿ ಹೀಗಾದರೆ ಮಣ್ಣಿನೊಳಗೆ ಇಳಿಯುತ್ತದೆ, ಕೆಳಗೆ ಹೋದಷ್ಟೂ ತಂಪು ಮತ್ತು ತೇವ. ಈ ತೊಟ್ಟಿಯಲ್ಲಿ ಕೆಳಗೆ ಹೋದಷ್ಟೂ ಬಿಸಿ ಮತ್ತು ಒಣ. ಉಳಿದ ದಾರಿ ಮೇಲಿನದೊಂದೇ. ಜೊತೆಗೆ, ಬೆನ್ನಿಗೂ ಹೊಟ್ಟೆಗೂ ಏನಾದರೂ ತಾಗುತ್ತಿದ್ದರೆ ಮಾತ್ರ ಜರಿ ನೆಮ್ಮದಿಯಾಗಿ ಕೂರುವುದು. ತೆಂಗಿನ ಚಿಪ್ಪಿನ ಗುಮ್ಮಟದ ಕೆಳಗೆ ಅದಕ್ಕೆ ಸಿಕ್ಕಿದ್ದು ಖಾಲಿ ಜಾಗ. ರಾತ್ರಿಯೆಲ್ಲ ಮುಚ್ಚಳ ತಡಕುವ ಜರಿಯನ್ನು ‘ಚುರುಕಾಗಿದೆ’ ಎಂದು ಮೆಚ್ಚಿಕೊಳ್ಳುವವರಿದ್ದಾರೆ. ಆರೋಗ್ಯವಾದ ಡೆಹಾನಿ ವಾರಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ.

ಹೊರಬಿದ್ದ ದಾರಿ

ಒಣ ನುಣುಪು ಗಾಜನ್ನು ದೊಡ್ಡ ಜರಿ ಏರಲಾರದು. ಪ್ರತಿ ಕಾಲಿನ ತುದಿಯಲ್ಲಿ ಇರುವುದು ಒಂದು ಉಗುರು, ಹಲ್ಲಿಯ ಪಾದದಂತೆ ಅಂಟುವ ಭಾಗ ಏನೂ ಇಲ್ಲ. ಆದರೆ ಉಗುರಿಗೆ ಹಿಡಿತ ಸಿಕ್ಕಿತೋ, ಯಾವ ಎತ್ತರವೂ ದೊಡ್ಡದಲ್ಲ. ವೆನೆಜುವೆಲಾದ ಒಂದು ಸುಣ್ಣಕಲ್ಲಿನ ಗುಹೆಯಲ್ಲಿ ಸ್ಕೊಲೊಪೆಂಡ್ರ ಜೈಗ್ಯಾಂಟಿಯ ಎಂಬ ಇನ್ನೊಂದು ದೊಡ್ಡ ಜರಿ ಛಾವಣಿಗೆ ಜೋತುಬಿದ್ದು ಬಾವಲಿ ಹಿಡಿದು ತಿನ್ನುವುದು 2005ರಲ್ಲೇ ವರದಿಯಾಗಿದೆ.

ಈ ತೊಟ್ಟಿಯಲ್ಲಿ ಹಿಡಿತಕ್ಕೆ ಎರಡು ಕಡೆ ಅವಕಾಶ ಇತ್ತು. ಗಾಜಿನ ಹಲಗೆಗಳು ಕೂಡುವ ನಾಲ್ಕು ಮೂಲೆಯಲ್ಲೂ ಸಿಲಿಕಾನ್ ಅಂಟಿನ ಉಬ್ಬು ಪಟ್ಟಿ ತಳದಿಂದ ಅಂಚಿನವರೆಗೆ ಓಡುತ್ತದೆ. ಅದು ಮೆತ್ತಗಿರುವುದರಿಂದ ಉಗುರು ನಾಟುತ್ತದೆ. ಎರಡನೆಯದು ತೇವಮಾಪಕ. ತೊಗಟೆಯಿಂದ 12 ಸೆಂ.ಮೀ. ಮೇಲಿದ್ದ ಅದು ಒಳ್ಳೆಯ ಮೆಟ್ಟಿಲಾಯಿತು. ಅದರ ಮೇಲೆ ಹಿಂಗಾಲು ಊರಿ ಮೈ ಚಾಚಿದರೆ 26 ಸೆಂ.ಮೀ. ಎತ್ತರದ ಮುಚ್ಚಳ ಸಲೀಸಾಗಿ ಸಿಗುತ್ತದೆ. ಜರಿ ಕೊನೆಯ ಕೆಲವು ಜೋಡಿ ಕಾಲಿನ ಮೇಲೆ ನಿಂತು ಉಳಿದ ಮೈಯನ್ನೆಲ್ಲ ಮೇಲೆತ್ತಬಲ್ಲದು. ಎತ್ತರ ಲೆಕ್ಕ ಹಾಕುವಾಗ ಇದನ್ನೇ ಮರೆಯುತ್ತಾರೆ.

ಮುಚ್ಚಳದ ಕ್ಲಿಪ್‌ಗಳು ಎರಡು ತುದಿಯಲ್ಲಿ ಮಾತ್ರ. 60 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಚೌಕಟ್ಟು ನಡುವೆ ಬಾಗುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ 4 ಮಿ.ಮೀ. ಸಂದಿ ಬಿಟ್ಟಿತು. ಈ ಗಾತ್ರದ ಜರಿಯ ತಲೆ 9-10 ಮಿ.ಮೀ. ಅಗಲ ಇದ್ದರೂ ದಪ್ಪ ಅದಕ್ಕಿಂತ ಬಹಳ ಕಡಿಮೆ, ಮೈ ಚಪ್ಪಟೆಯಾಗಿ ಒತ್ತಿಕೊಳ್ಳುತ್ತದೆ. ತಲೆಯ ಅಗಲದ ಮೂರನೇ ಒಂದು ಪಾಲಿಗಿಂತ ದೊಡ್ಡ ಸಂದಿಯನ್ನೆಲ್ಲ ತೆರೆದ ಬಾಗಿಲು ಎಂದೇ ಎಣಿಸಬೇಕು.

ಮುಂಬದಿಗೆ ಬಾಗಿಲು ತೆರೆಯುವ, ಟೆರೇರಿಯಂ ಎಂಬ ಗಾಜಿನ ಸಾಕುಪೆಟ್ಟಿಗೆ ಕೊಳ್ಳುವ ಯೋಚನೆಯೂ ಇತ್ತು. ಬೇಡ ಎಂದು ಹೇಳಬೇಕಾಯಿತು. ಎರಡು ಬಾಗಿಲ ನಡುವಿನ ಸೀಳು, ತಂತಿ ಒಳಗೆ ಬಿಡಲು ಹಿಂಭಾಗದಲ್ಲಿ ಇಡುವ ಕಂಡಿ, ಎರಡೂ ಜರಿಗೆ ಅನುಕೂಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ: ಬಾಗಿಲು ತೆರೆದಾಗ ಕೈ ಇರುವುದು ಪ್ರಾಣಿಯ ಮಟ್ಟದಲ್ಲೇ. ಮೇಲಿನಿಂದ ತೆರೆಯುವ ಪೆಟ್ಟಿಗೆಯಲ್ಲಿ ಕೈಗೂ ಜರಿಗೂ ನಡುವೆ ಒಂದಡಿ ನುಣುಪು ಗೋಡೆ ಇರುತ್ತದೆ.

ಹೊಸ ಪೆಟ್ಟಿಗೆ

ಆರಿಸಿದ್ದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪಾರದರ್ಶಕ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಪೆಟ್ಟಿಗೆ, ಬಟ್ಟೆಬರೆ ತುಂಬಿಡಲು ಮಾರುವಂಥದ್ದು. ಒಳ ಅಳತೆ 42×32, ಎತ್ತರ 40 ಸೆಂ.ಮೀ. ಮೂಲೆಗಳಲ್ಲಿ ಕೂಡುಜಾಗವೇ ಇಲ್ಲ, ಅಂಟಿನ ಮಾತೂ ಇಲ್ಲ. ಕೊಳ್ಳುವಾಗ ಎರಡು ವಿಷಯ ನೋಡಿದ್ದಾಯಿತು: ಒಳಗೋಡೆ ಹೊಳಪಾಗಿರಬೇಕು, ಮತ್ತು ಆದಷ್ಟು ನೆಟ್ಟಗಿರಬೇಕು. ಮೇಲೆ ಹೋದಂತೆ ಅಗಲವಾಗುವ ಪೆಟ್ಟಿಗೆಯ ಗೋಡೆ ಓರೆಯಾಗಿರುತ್ತದೆ, ಏರಲು ಅಷ್ಟೂ ಸುಲಭ.

ಎತ್ತರದ ಲೆಕ್ಕ ಹೀಗೆ. ಮಣ್ಣಿನ ಮೇಲ್ಮೈಯಿಂದ ಮುಚ್ಚಳಕ್ಕೆ ಮೈಯುದ್ದದ ಒಂದೂವರೆ ಪಟ್ಟು, ಅಂದರೆ 27 ಸೆಂ.ಮೀ., ಕನಿಷ್ಠ. ಮಣ್ಣು 12 ಸೆಂ.ಮೀ. ಹಾಕಿ, ಅದು ಕುಸಿದು 11ಕ್ಕೆ ನಿಂತರೆ 29 ಉಳಿಯುತ್ತದೆ. ಮಣ್ಣು ಕಡಿಮೆ ಮಾಡಿ ಎತ್ತರ ಉಳಿಸುವ ಆಸೆ ಬೇಡ, ಹಳೆಯ ತೊಟ್ಟಿಯಲ್ಲಿ ಮಾಡಿದ್ದೇ ಅದು.

ಗಾಳಿಗೆ 8 ಸೆಂ.ಮೀ. ವ್ಯಾಸದ ಎರಡು ತೂತು: ಮುಚ್ಚಳದ ಒಂದು ತುದಿಯಲ್ಲಿ ಒಂದು, ಎದುರು ತುದಿಯ ಗೋಡೆಯ ಮೇಲ್ಭಾಗದಲ್ಲಿ ಇನ್ನೊಂದು. ಗೋಡೆಯ ತೂತಿನ ಕೆಳ ಅಂಚೂ ಮಣ್ಣಿನಿಂದ 20 ಸೆಂ.ಮೀ. ಮೇಲಿರುವಂತೆ ಅಳೆದು ಕೊರೆದದ್ದು, 18 ಸೆಂ.ಮೀ. ಮೈಯ ಜರಿಗೆ ಮೀಸೆ ತಾಗಬಹುದು, ಕಾಲು ಊರಲು ಸಿಗದು. ಬೆಳೆಯುವ ಮರಿಯಾಗಿದ್ದರೆ ಎರಡೂ ತೂತು ಮುಚ್ಚಳದಲ್ಲೇ ಇರಬೇಕಿತ್ತು. ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದು, ಕಣ್ಣು 1.2 ಮಿ.ಮೀ. ನೈಲಾನ್ ಸೊಳ್ಳೆಪರದೆಯನ್ನು ಜರಿ ಹರಿಯಬಲ್ಲದು.

ಈ ಜಾಲರಿಯನ್ನು ಮೊದಲು ಬಿಸಿ ಅಂಟಿನ ಗನ್‌ನಿಂದ ಅಂಟಿಸಿದ್ದರು. ಎರಡು ದಿನದ ಪರೀಕ್ಷೆಯಲ್ಲೇ ಒಂದು ಬದಿ ಸಿಪ್ಪೆಯಂತೆ ಎದ್ದು ಬಂತು. ಪಾಲಿಪ್ರೊಪಿಲೀನಿಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ, ಅದರ ಮೇಲ್ಮೈಯ ಗುಣವೇ ಹಾಗೆ. ತೇವ ಸೇರಿದರೆ ಕೇಳುವುದೇ ಬೇಡ. ಕೊನೆಗೆ ಜಾಲರಿಯನ್ನು ಹೊರಗಿನಿಂದ ಇಟ್ಟು, ಮೇಲೆ ಅಲ್ಯೂಮಿನಿಯಂ ಬಳೆ ಕೂರಿಸಿ, ಒಂದೊಂದಕ್ಕೆ ಆರು ಎಂ4 (4 ಮಿ.ಮೀ. ದಪ್ಪದ) ಬೋಲ್ಟ್, ಅಗಲ ವಾಷರ್, ನೈಲಾನ್ ಹಿಡಿತದ ನಟ್ ಹಾಕಿ ಬಿಗಿದಾಯಿತು.

ಮುಚ್ಚಳಕ್ಕೆ ಪೆಟ್ಟಿಗೆಯದೇ ನಾಲ್ಕು ಚಿಲಕ ಇದ್ದವು. ಅದರ ಮೇಲೆ ಎರಡು ಬಿಗಿಪಟ್ಟಿ, ಸೂಟ್‌ಕೇಸಿಗೆ ಸುತ್ತುವಂಥವು, ಉದ್ದದ ಬದಿಯನ್ನು ಮೂರು ಪಾಲು ಮಾಡುವ ಹಾಗೆ. ಮುಚ್ಚಳದ ನಡುಭಾಗ ಬಾಗದಂತೆ ಮಾಡುವುದೇ ಇವುಗಳ ಕೆಲಸ.

ಪ್ರಾಣಿ ಬಿಡುವ ಮೊದಲು ಮೂರು ಪರೀಕ್ಷೆ. ಕೋಣೆ ಕತ್ತಲು ಮಾಡಿ, ಪೆಟ್ಟಿಗೆಯೊಳಗೆ ಟಾರ್ಚ್ ಹಚ್ಚಿಟ್ಟು ಸುತ್ತ ನೋಡುವುದು: ಬೆಳಕಿನ ಗೆರೆ ಕಂಡಲ್ಲಿ ಸಂದಿ ಇದೆ. ಇಲ್ಲಿ ಒಂದು ಚಿಲಕದ ಪಕ್ಕ ಪೊರಕೆಕಡ್ಡಿಯಷ್ಟು ಸಣ್ಣ ಗೆರೆ ಕಂಡಿತು. ಅಚ್ಚಿನಲ್ಲೇ ಉಳಿದಿದ್ದ ಪ್ಲಾಸ್ಟಿಕ್ ಮುಳ್ಳೊಂದು ಮುಚ್ಚಳವನ್ನು ಎತ್ತಿ ಹಿಡಿದಿತ್ತು, ಕೆರೆದು ತೆಗೆದ ಮೇಲೆ ಹೋಯಿತು. ಆಮೇಲೆ ಬ್ಯಾಂಕ್ ಕಾರ್ಡ್. ಅದರ ದಪ್ಪ 0.76 ಮಿ.ಮೀ. ಎರಡು ಕಾರ್ಡ್ ಜೋಡಿಸಿ ಅಂಚಿನ ಸುತ್ತ ತೂರಿಸಿ ನೋಡಬೇಕು, ಎಲ್ಲೂ ಹೋಗಬಾರದು. ಕೊನೆಯದಾಗಿ ಮಣ್ಣು, ನೀರು, ಬಿಸಿ ಎಲ್ಲ ಇಟ್ಟು 48 ಗಂಟೆ ಖಾಲಿ ಓಡಿಸುವುದು. ಅಂಟು ಎದ್ದು ಬಂದದ್ದು ಗೊತ್ತಾದದ್ದು ಇದರಿಂದಲೇ.

ತಳ

42×32×12 ಅಂದರೆ ಸುಮಾರು 16 ಲೀಟರ್ ತುಂಬಬೇಕು. 650 ಗ್ರಾಂ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಒಂದನ್ನು ನಾಲ್ಕು ಲೀಟರ್ ಬೆಚ್ಚನೆ ನೀರಲ್ಲಿ ನೆನೆಸಿದರೆ 8-9 ಲೀಟರ್ ಆಗುತ್ತದೆ. ಅದಕ್ಕೆ ಗೊಬ್ಬರ, ಪರ್ಲೈಟ್ ಯಾವುದೂ ಬೆರೆಸದ ತೋಟದ ಮಣ್ಣು 5 ಲೀಟರ್, ಪುಡಿ ಮಾಡಿದ ಓಕ್ ಎಲೆ 2 ಲೀಟರ್. ಕೊಕೊಪೀಟನ್ನು ನೆನೆಸಿ, ಹಿಂಡಿ, ಇನ್ನೊಮ್ಮೆ ತೊಳೆಯುವುದು ಒಳ್ಳೆಯದು. ತೆಂಗಿನ ನಾರನ್ನು ಉಪ್ಪುನೀರಲ್ಲಿ ಕೊಳೆಸಿದ್ದರೆ ಉಪ್ಪು ಪುಡಿಯಲ್ಲಿ ಉಳಿದಿರುತ್ತದೆ. ಬರೀ ಕೊಕೊಪೀಟ್ ಸಾಲದು, ಬಿಲ ನಿಲ್ಲುವುದಿಲ್ಲ. ಮಣ್ಣು ಬೆರೆತರೆ ಜರಿ ಕೊರೆದ ಸುರಂಗ ಕುಸಿಯದೆ ಉಳಿಯುತ್ತದೆ. ತುಂಬುವಾಗ ಪ್ರತಿ ಮೂರು ಸೆಂಟಿಮೀಟರಿಗೊಮ್ಮೆ ಅಂಗೈಯಿಂದ ಒತ್ತಬೇಕು.

ತೇವದ ಅಳತೆಗೆ ಮುಷ್ಟಿಯೇ ಸಾಕು. ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಇದು ತಳದ ಅರ್ಧಕ್ಕೆ. ಮೇಲಿನ ಅರ್ಧ ಇನ್ನೂ ಸ್ವಲ್ಪ ಒಣಗಿರಲಿ. ನೀರನ್ನು ಮೇಲೆ ಚಿಮುಕಿಸುವ ಬದಲು ಒಂದು ಮೂಲೆಯಲ್ಲಿ ನೆಟ್ಟ 20 ಮಿ.ಮೀ. ಪಿವಿಸಿ ಕೊಳವೆಯ ಮೂಲಕ ತಳಕ್ಕೇ ಬಿಡುವ ಏರ್ಪಾಡು. ಹೀಗೆ ಒಂದು ಮೂಲೆ ತೊಯ್ದಿರುತ್ತದೆ, ಎದುರು ಮೂಲೆ ಬರೀ ತೇವವಾಗಿರುತ್ತದೆ, ಎಲ್ಲಿ ಬೇಕೋ ಅಲ್ಲಿ ಜರಿ ಕೂರುತ್ತದೆ. ಕೊಳವೆ ಮಣ್ಣಿನಿಂದ 3 ಸೆಂ.ಮೀ. ಮಾತ್ರ ಮೇಲೆ ಕಾಣಬೇಕು, ಬಾಯಿಗೆ ಬಿರಡೆ ಬೇಕು. ಉದ್ದ ಬಿಟ್ಟರೆ ಅದೇ ಏಣಿ. ನೆಟ್ಟಗೆ ನಿಲ್ಲಿಸಿದ ತೊಗಟೆ, ನೇತುಬಿಟ್ಟ ತಂತಿ, ಪ್ಲಾಸ್ಟಿಕ್ ಬಳ್ಳಿ, ಎಲ್ಲಕ್ಕೂ ಇದೇ ಮಾತು. ಚೆಂದಕ್ಕೆಂದು ಇಟ್ಟದ್ದರಲ್ಲಿ ಅರ್ಧ ಏಣಿಯೇ ಆಗಿರುತ್ತದೆ.

ಎಷ್ಟು ನೀರು, ಯಾವಾಗ? ಇಲ್ಲಿ ಪೆಟ್ಟಿಗೆಯನ್ನು 30 ಕೆ.ಜಿ. ತೂಗುವ ಪಾರ್ಸೆಲ್ ತಕ್ಕಡಿಯ ಮೇಲೇ ಇಟ್ಟುಬಿಟ್ಟರು. ವಾರದಲ್ಲಿ 200 ಗ್ರಾಂ ಇಳಿದಿದ್ದರೆ 200 ಮಿ.ಲೀ. ನೀರು ಕೊಳವೆಗೆ. ಊಹೆ ಇಲ್ಲ, ಮುಚ್ಚಳ ತೆರೆದು ಬೆರಳಿಡುವ ಅಪಾಯವೂ ಇಲ್ಲ. ಹೀಟರ್ ಜೋರಾಗಿದ್ದ ವಾರಗಳಲ್ಲಿ ಇಳಿತ ಹೆಚ್ಚಾದದ್ದು ತಕ್ಕಡಿಯಲ್ಲಿ ಸ್ಪಷ್ಟ ಕಂಡಿತು.

ಹೀಟ್ ಮ್ಯಾಟ್ ಅಡಿಯಿಂದ ಎದ್ದು ಪಕ್ಕದ ಗೋಡೆಗೆ ಹೋಯಿತು: ಹೊರಗಡೆ, ಮಣ್ಣಿನ ಮಟ್ಟಕ್ಕಿಂತ ಮೇಲೆ, ತೊಯ್ದ ಮೂಲೆಯ ಎದುರಿಗೆ. ಥರ್ಮೋಸ್ಟಾಟಿನ ಬಿಸಿ ಅಳೆಯುವ ಮೂತಿ ಮ್ಯಾಟ್ ಮತ್ತು ಗೋಡೆಯ ನಡುವೆ, 28 ಡಿಗ್ರಿಗೆ. ಮೂತಿಯನ್ನು ಪೆಟ್ಟಿಗೆಯೊಳಗೆ ಇಟ್ಟರೆ ಜರಿ ಅದನ್ನು ಮಣ್ಣಲ್ಲಿ ಹೂತುಬಿಡಬಹುದು, ಆಗ ಮ್ಯಾಟ್ ನಿಲ್ಲದೆ ಉರಿಯುತ್ತದೆ. ಮಣ್ಣಿನ ಮೇಲೆ 23-25 ಡಿಗ್ರಿ, ಒಳಗೆ 21 ಸಿಕ್ಕಿತು. ಈ ಜಾತಿಗೆ ಅಷ್ಟು ಸಾಕು.

ಉಳಿದ ಸಾಮಾನು ಕಡಿಮೆ. 20×12 ಸೆಂ.ಮೀ. ಚಪ್ಪಟೆ ಕಾರ್ಕ್ ತೊಗಟೆ, ಮಣ್ಣಿಗೆ ಒತ್ತಿ ಮಲಗಿಸಿದ್ದು, ಕೆಳಗೆ ಒಂದೂವರೆ ಸೆಂಟಿಮೀಟರಿನಷ್ಟೇ ಸಂದಿ. 8 ಸೆಂ.ಮೀ. ಅಗಲ, 2 ಸೆಂ.ಮೀ. ಆಳದ ಭಾರದ ಪಿಂಗಾಣಿ ತಟ್ಟೆಯಲ್ಲಿ ನೀರು. ಎಲೆಯ ಹಾಸು. ಬೂಷ್ಟು ತಿನ್ನಲು ಒಂದು ಡಬ್ಬಿ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಹುಳುಗಳು.

ಸ್ಥಳಾಂತರ

ಕಚ್ಚಿಸಿಕೊಳ್ಳುವ ಅಪಾಯ ಇದ್ದದ್ದು ಈ ಹತ್ತು ನಿಮಿಷದಲ್ಲಿ. ಕೆಲಸ ಒಣಗಿದ ಖಾಲಿ ಬಾತ್‌ಟಬ್ಬಿನೊಳಗೆ ನಡೆಯಿತು, ಬಾಗಿಲ ಕೆಳಗೆ ಟವೆಲ್ ತುರುಕಿ. ಟಬ್ಬಿನ ತಳದ ಬಿರಡೆ ಎಲ್ಲರಿಗೂ ನೆನಪಾಗುತ್ತದೆ. ಮೇಲೆ ನಲ್ಲಿಯ ಕೆಳಗೆ ಹೆಚ್ಚಿನ ನೀರು ಹೋಗುವ ಕಂಡಿ ಇರುತ್ತದೆ, ಅದಕ್ಕೆ ಟೇಪ್ ಹಚ್ಚುವುದು ಮರೆಯುತ್ತದೆ. ಟಬ್ಬಿನ ಅಂಚಿಗೆ ಬಟ್ಟೆ, ಷವರ್ ಪರದೆ ಏನೂ ಇಳಿಬಿದ್ದಿರಬಾರದು.

ಹಳೆಯ ತೊಟ್ಟಿಯನ್ನು ಟಬ್ಬಿಗೆ ಇಳಿಸಿ, ತೊಗಟೆಯ ಪಕ್ಕ ಎರಡು ಲೀಟರಿನ ಪ್ಲಾಸ್ಟಿಕ್ ಡಬ್ಬಿಯನ್ನು ಅಡ್ಡ ಮಲಗಿಸಿದರು, ಒಳಗೆ ಒದ್ದೆ ಟಿಶ್ಯೂ ಕಾಗದ, ಹೊರಗೆ ಕಪ್ಪು ಬಟ್ಟೆ ಸುತ್ತಿ. ಕೋಣೆಯ ದೀಪ ಪೂರ್ತಿ ಹಚ್ಚಿ, ಉದ್ದ ಹಿಡಿಯ ಪೇಂಟ್ ಬ್ರಷ್‌ನಿಂದ ಹಿಂಭಾಗವನ್ನು ಮೆಲ್ಲಗೆ ಮುಟ್ಟಿದಾಗ ಕತ್ತಲು ಕಂಡಲ್ಲಿಗೆ ಜರಿ ತಾನೇ ನಡೆಯಿತು. 30 ಸೆಂ.ಮೀ. ಇಕ್ಕಳ ಕೈಯಲ್ಲಿತ್ತು, ಆದರೆ ಜರಿಯನ್ನು ಹಿಡಿಯಲಿಕ್ಕಲ್ಲ. ಇಕ್ಕಳದಲ್ಲಿ ಹಿಡಿದರೆ ಕಾಲು ಮುರಿಯುತ್ತದೆ, ಇಲ್ಲವೇ ಜರಿ ತಿರುಗಿ ಇಕ್ಕಳದ ಮೇಲೇ ಓಡಿ ಮಣಿಕಟ್ಟಿಗೆ ಬರುತ್ತದೆ. ಆ ವೇಗ ನೋಡದವರು ನಂಬುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಮಂಕು ಮಾಡುವ ಸಲಹೆ ಕೊಡುವವರಿದ್ದಾರೆ. ಅದು ಪ್ರಾಣಿಗೂ ಕೆಟ್ಟದ್ದು, ಬೆಚ್ಚಗಾದ ಕ್ಷಣಕ್ಕೆ ಮನುಷ್ಯನಿಗೂ ಕೆಟ್ಟದ್ದು.

ಕಚ್ಚಿದರೆ: ಜರಿಯ ವಿಷ ತಲೆಯ ಕೆಳಗಿನ, ಕೊಕ್ಕೆಯಂತೆ ಮಾರ್ಪಟ್ಟ ಮೊದಲ ಜೋಡಿ ಕಾಲಿನಲ್ಲಿರುತ್ತದೆ. ಉರಿ ಮತ್ತು ಊತ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಸಾವು ತೀರಾ ಅಪರೂಪ. ಸೋಪು ನೀರಲ್ಲಿ ತೊಳೆದು, ಉಂಗುರ ಬಳೆ ತಕ್ಷಣ ತೆಗೆದು, 45 ಡಿಗ್ರಿ ಮೀರದ ಬಿಸಿನೀರಲ್ಲಿ ಅದ್ದುವುದು ಅಥವಾ ಐಸ್ ಇಡುವುದು; ತೈವಾನಿನಲ್ಲಿ ಎರಡನ್ನೂ ಹೋಲಿಸಿ ನೋಡಿದ್ದಾರೆ, ಎರಡರಿಂದಲೂ ನೋವು ಇಳಿಯುತ್ತದೆ. ಉಸಿರು ಕಟ್ಟುವುದು, ಮುಖ ಊದುವುದು, ಮೈತುಂಬ ದದ್ದು ಏಳುವುದು ಕಂಡರೆ ಇದನ್ನೆಲ್ಲ ಬಿಟ್ಟು ಆಂಬುಲೆನ್ಸ್ ಕರೆಯಬೇಕು. ಪೆಟ್ಟಿಗೆಯ ಮೇಲೆ ಪ್ರಾಣಿಯ ವೈಜ್ಞಾನಿಕ ಹೆಸರು ಬರೆದ ಚೀಟಿ ಅಂಟಿಸಿದ್ದು ವೈದ್ಯರಿಗೆ ತೋರಿಸಲೆಂದೇ.

ಆಮೇಲೆ

ಮೊದಲ ರಾತ್ರಿ ಜರಿ ಗೋಡೆಯುದ್ದಕ್ಕೂ ಸುತ್ತಿತು. ಮೂರನೆಯ ರಾತ್ರಿಯ ಹೊತ್ತಿಗೆ ಕಾರ್ಕಿನ ಕೆಳಗೆ ಬಿಲದ ಬಾಯಿ ಕಂಡಿತು, ಆಮೇಲೆ ಮುಚ್ಚಳದ ಹತ್ತಿರ ಸುಳಿಯಲಿಲ್ಲ. ಬಿಗಿಪಟ್ಟಿ ಹಾಗೇ ಇವೆ. ಹಸಿದ ಜರಿ, ಜೊತೆ ಹುಡುಕುವ ಗಂಡು ಎಷ್ಟು ಒಳ್ಳೆಯ ಮಣ್ಣಿದ್ದರೂ ಅಲೆಯುತ್ತವೆ.

ಎರಡನೇ ವಾರ ಎಲೆಯ ಮೇಲೆ ಬಿಳಿ ಬೂಷ್ಟು ಬಂತು. ಹೊಸ ಮಣ್ಣಿನಲ್ಲಿ ಅದು ಸಹಜ, ಸ್ಪ್ರಿಂಗ್‌ಟೇಲ್ ಹೆಚ್ಚಿದಂತೆ ಹೋಯಿತು. ಹೆದರಬೇಕಾದದ್ದು ನುಸಿಗೆ, ಅದು ಬರುವುದು ತಿಂದುಳಿದ ಆಹಾರದಿಂದ. ಏಳರಿಂದ ಹತ್ತು ದಿನಕ್ಕೆ ಒಂದು ದೊಡ್ಡ ಡೂಬಿಯಾ ಜಿರಲೆ ಕೊಡುತ್ತಿದ್ದರು. ಅದರ ತಲೆ ಜಜ್ಜಿ ಬಿಡಬೇಕು, ಇಲ್ಲದಿದ್ದರೆ ಮಣ್ಣಿನೊಳಗೆ ಹೊಕ್ಕು ಸತ್ತು ಕೊಳೆಯುತ್ತದೆ. ಮರುದಿನ ಬೆಳಿಗ್ಗೆ ಉಳಿದದ್ದನ್ನು ಇಕ್ಕಳದಿಂದ ತೆಗೆಯುವುದು.

ಎರಡು ತಿಂಗಳು ಕಳೆದ ಮೇಲೆ ಜರಿ ಆಹಾರ ಮುಟ್ಟುವುದನ್ನು ಬಿಟ್ಟಿತು. ಬಿಲದ ಬಾಯಿಯೂ ಮುಚ್ಚಿಕೊಂಡಿತು. ಅಗೆದು ನೋಡಬೇಕೆಂಬ ಒತ್ತಡ ಮನೆಯವರಿಗೆ ಸಹಜವಾಗಿಯೇ ಬಂತು. ಅಗೆದಿದ್ದರೆ ಸಾಯುತ್ತಿತ್ತು ಎನ್ನಬಹುದು: ಪೊರೆ ಬಿಡುವ ಮುನ್ನ ಜರಿ ಹೀಗೇ ಮಾಡುವುದು. ಪೊರೆ ಬಿಟ್ಟ ಮೈ ಮೆತ್ತಗಿರುತ್ತದೆ, ಆಗ ಒಂದು ಕ್ರಿಕೆಟ್ ಹುಳುವೂ ಅದನ್ನು ಕಡಿದು ಹಾಕಬಲ್ಲದು. ಹಾಗಾಗಿ ಒಳಗೆ ಜೀವಂತ ಆಹಾರ ಬಿಡಲಿಲ್ಲ. ತಕ್ಕಡಿ ನೋಡಿ ನೀರು ಮಾತ್ರ ಕೊಟ್ಟರು. ಬಿಲ ಮುಚ್ಚಿದ ಆರನೇ ವಾರ ಜರಿ ಗಾಢ ಬಣ್ಣದಲ್ಲಿ ಹೊರಬಂತು. ಪೊರೆ ಸಿಗಲಿಲ್ಲ, ಸಾಮಾನ್ಯವಾಗಿ ಅದನ್ನು ಅದೇ ತಿಂದುಬಿಡುತ್ತದೆ. ಇನ್ನೂ ಹತ್ತು ದಿನ ಬಿಟ್ಟು ಆಹಾರ. ಮೈ ಈಗ 19 ಸೆಂ.ಮೀ. ದಾಟಿದ್ದರಿಂದ ಗೋಡೆಯ ಜಾಲರಿಯನ್ನು ತೆಗೆದು, ಆ ತೂತಿಗೆ ನುಣುಪು ಪ್ಲಾಸ್ಟಿಕ್ ತಟ್ಟೆ ಬಿಗಿದು, ಮುಚ್ಚಳದಲ್ಲೇ ಎರಡನೆಯ ಗಾಳಿಕಂಡಿ ಮಾಡಲಾಯಿತು.

ಸಾಕಲಾಗದಿದ್ದರೆ ಹೊರಗೆ ಬಿಡುವಂತಿಲ್ಲ. ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯಡಿ ಹೊರನಾಡಿನ ಪ್ರಾಣಿಯನ್ನು ಕಾಡಿಗೆ ಬಿಡುವುದು ಅಪರಾಧ.

ಕರ್ನಾಟಕದಲ್ಲಿ ಇದೇ ಪೆಟ್ಟಿಗೆ ಮಾಡುವವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬೆಂಗಳೂರಿನಲ್ಲಿ ಹೀಟ್ ಮ್ಯಾಟ್ ಬೇಡ. ಕಲಬುರಗಿಯ ಬೇಸಿಗೆಯಲ್ಲಿ ಸಮಸ್ಯೆ ತಂಪು ಉಳಿಸಿಕೊಳ್ಳುವುದು. ಪೆಟ್ಟಿಗೆ ನೆಲಕ್ಕೆ ಹತ್ತಿರ, ಬಿಸಿಲು ಬೀಳದ ಕೋಣೆಯಲ್ಲಿ ಇರಬೇಕು. ನಮ್ಮಲ್ಲಿ ದೊಡ್ಡ ಶತ್ರು ಇರುವೆ. 1.2 ಮಿ.ಮೀ. ಕಣ್ಣಿನಲ್ಲಿ ಸಣ್ಣ ಇರುವೆ ಸಲೀಸಾಗಿ ನುಗ್ಗುತ್ತದೆ, ಪೊರೆ ಬಿಡುತ್ತಿರುವ ಜರಿಗೆ ಅದು ಸಾವು. ಪೆಟ್ಟಿಗೆಯನ್ನು ಗಿಡ್ಡ ಸ್ಟ್ಯಾಂಡಿನ ಮೇಲಿಟ್ಟು, ಸ್ಟ್ಯಾಂಡಿನ ಕಾಲುಗಳನ್ನು ಸೋಪು ಬೆರೆಸಿದ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ, ಸ್ಟ್ಯಾಂಡು ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಜರಿ ಹಿಡಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಮಳೆಗಾಲದಲ್ಲಿ ಬಚ್ಚಲಿಗೆ ಬಂದ ಜರಿಯನ್ನು ಡಬ್ಬಿ ಮುಚ್ಚಿ, ಕೆಳಗೆ ರಟ್ಟು ತೂರಿಸಿ, ಹಿತ್ತಲ ಕಲ್ಲಿನ ಬುಡದಲ್ಲಿ ಬಿಟ್ಟರೆ ಸಾಕು.